ಚೆಪುಲಿಯ ಪ್ರೊಫೆ ಎಣಿಸದೆ ಬಿಟ್ಟದ್ದು

ಬೆಳಿಗ್ಗೆ ಏಳಕ್ಕೆ ಎರ್ಮಿಂದಾ ಕಾರ್ಕಮೋ ದೋಣಿ ಇಳಿಸುವ ಕಟ್ಟೆಯ ತುದಿಗೆ ಬಂದು ನಿಲ್ಲುತ್ತಾಳೆ. ಒಂದು ಕೈಯಲ್ಲಿ ಹಗ್ಗ ಕಟ್ಟಿದ ಬಕೆಟ್ಟು, ಇನ್ನೊಂದರಲ್ಲಿ ಹಳೆಯ ಉಣ್ಣೆಯ ಕಾಲುಚೀಲದೊಳಗೆ ಸುತ್ತಿಟ್ಟ ಥರ್ಮಾಮೀಟರು. ಬಕೆಟ್ಟನ್ನು ಸಮುದ್ರಕ್ಕೆ ಬಿಟ್ಟು, ಒಮ್ಮೆ ತೊಳೆದು ಚೆಲ್ಲಿ, ಎರಡನೆಯ ಸಲ ತುಂಬಿ ಮೇಲೆಳೆದುಕೊಳ್ಳುತ್ತಾಳೆ. ಥರ್ಮಾಮೀಟರು ಅದರೊಳಗೆ ಇಳಿಯುತ್ತದೆ. ಪಾದರಸ ಒಂದು ಕಡೆ ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತನ್ನು ಅಳೆಯಲು ಅವಳು ಗಡಿಯಾರ ನೋಡುವುದಿಲ್ಲ. ಮೇರಿಯಮ್ಮನ ಪ್ರಾರ್ಥನೆಯನ್ನು ಹತ್ತು ಸಲ ಹೇಳಿಕೊಳ್ಳುತ್ತಾಳೆ. ಹತ್ತನೆಯ ಆಮೆನ್‌ಗೆ ಬಗ್ಗಿ ನೋಡಿದರೆ ಅಂಕಿ ನಿಂತಿರುತ್ತದೆ. ಅದನ್ನು ಗೆರೆ ಹಾಕಿದ ಶಾಲೆಯ ನೋಟುಬುಕ್ಕಿನಲ್ಲಿ ಬರೆದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಪಕ್ಕದಲ್ಲಿ ಸೇರಿಸುತ್ತಾಳೆ.

ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿಲ್ಲ. ಗಂಡ ತೀರಿಕೊಂಡ ದಿನದ ಪುಟದಲ್ಲೂ 'ಹನ್ನೊಂದೂವರೆ, ವಾಯವ್ಯ' ಎಂದಿದೆ. ಅಕ್ಷರ ಮಾತ್ರ ಸ್ವಲ್ಪ ದೊಡ್ಡದು.

ಆ ಹೊತ್ತಿಗೆ ದೋಣಿ ಇಳಿಸುವವರು ಅವಳನ್ನು ದಾಟಿಕೊಂಡೇ ಹೋಗಬೇಕು.

"ಪ್ರೊಫೆ, ಇವತ್ತು ಸಮುದ್ರಕ್ಕೆ ಜ್ವರ ಎಷ್ಟಿದೆ?"

"ಹನ್ನೊಂದು."

"ಹಂಗಾದ್ರೆ ಬದ್ಕೊಳ್ಳುತ್ತೆ ಬಿಡಿ."

ಇಷ್ಟು ಮಾತು ಪ್ರತಿದಿನದ್ದು. ಟೀಚರನ್ನು ಅಲ್ಲಿನವರು ಪ್ರೊಫೆ ಎನ್ನುತ್ತಾರೆ. ಅವಳನ್ನು ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಈಗ ಯಾರೂ ಉಳಿದಿಲ್ಲ.

ಚೆಪುಲಿ ಇರುವುದು ಚಿಲಿ ದೇಶದ ದಕ್ಷಿಣದ ಚಿಲೋಯೆ ದ್ವೀಪದಲ್ಲಿ. ಮರದ ಚಕ್ಕೆ ಹೊದಿಸಿದ ಮನೆಗಳು, ಮರದ್ದೇ ಚರ್ಚು, ಗುಡ್ಡದ ಮೇಲೊಂದು ಸಣ್ಣ ಕಾಲೇಜು. ಎರ್ಮಿಂದಾ ಹುಟ್ಟಿದ್ದು ಇಲ್ಲೇ, ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ಚಿಪ್ಪು ಆಯುವವರ ಮನೆಯಲ್ಲಿ. ವಿದ್ಯಾರ್ಥಿವೇತನ ಸಿಕ್ಕಿತೆಂದು ಉತ್ತರದ ವಿಶ್ವವಿದ್ಯಾಲಯಕ್ಕೆ ಹೋಗಿ ಓದಿದಳು. ಅಲ್ಲೇ ಇದ್ದು ಕೆಲಸ ಮಾಡಬಹುದಿತ್ತು, ಮಾಡಿದಳು ಕೂಡ. ಕಾಲೇಜು ತೆರೆದ ವರ್ಷ ಮರಳಿ ಬಂದಳು. ಅಂದಿನಿಂದ ಮೊದಲ ವರ್ಷದವರಿಗೆ ಕಡಲ ಜೀವಶಾಸ್ತ್ರದ ಮೊದಲ ಪಾಠ ಅವಳದೇ.

ಆ ಮೊದಲ ಪಾಠದಲ್ಲಿ ಅವಳು ಏನನ್ನೂ ಹೇಳುವುದಿಲ್ಲ. ಕಡಲಂಚಿನಿಂದ ತಂದ ಒಂದು ಕಲ್ಲನ್ನು ಉಪ್ಪುನೀರು ತುಂಬಿದ ತಟ್ಟೆಯಲ್ಲಿ ಮೇಜಿನ ಮೇಲಿಡುತ್ತಾಳೆ. ನಲವತ್ತು ನಿಮಿಷ ಅದನ್ನು ನೋಡಿ, ಕಂಡದ್ದನ್ನೆಲ್ಲ ಬರೆಯಬೇಕು. ಹತ್ತು ನಿಮಿಷಕ್ಕೆ ಯಾರಾದರೂ ತಲೆ ಎತ್ತಿಯೇ ಎತ್ತುತ್ತಾರೆ. "ಪ್ರೊಫೆ, ಇದು ಗಿಡಾನೋ ಪ್ರಾಣೀನೋ ಗೊತ್ತಾಗ್ತಿಲ್ಲ."

"ಗೊಂದಲ ಆಯ್ತಾ? ಆಗ್ಲಿ. ಅಲ್ಲೊಂದು ಪ್ರಶ್ನೆ ಚಿಹ್ನೆ ಹಾಕು. ಅಳಿಸ್ಬೇಡ."

ಪಾಠ ಮರೆತವರೂ ಈ ಮಾತನ್ನು ಮರೆಯುತ್ತಿರಲಿಲ್ಲ. ದೋಣಿಯ ಇಂಜಿನ್ ಕೆಟ್ಟರೆ, ಹುಡುಗಿ ಒಲ್ಲೆ ಎಂದರೆ, ಹಳೆಯ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು: ಪ್ರಶ್ನೆ ಚಿಹ್ನೆ ಹಾಕಪ್ಪ, ಅಳಿಸ್ಬೇಡ.

ಆ ವರ್ಷ ಮಾರ್ಚಿನಲ್ಲಿ ತರಗತಿಗೆ ಬಂದ ಹನ್ನೆರಡು ಜನರಲ್ಲಿ ಒಬ್ಬಳು ಎರ್ಮಿಂದಾಳಿಗಿಂತ ಏಳು ವರ್ಷ ದೊಡ್ಡವಳು. ಒತಿಲಿಯಾ ಎಂದು ಹೆಸರು. ಚಿಪ್ಪು ಆಯುವ ಹೆಂಗಸರ ಸಂಘದ ಹಿರಿಯಳು. ಅವಳು ಓದಲು ಬಂದದ್ದಕ್ಕೊಂದು ಕಾರಣವಿತ್ತು. ಸಂಘದವರು ತಾವೇ ಕಾಯ್ದುಕೊಂಡು ಬಂದ ಒಂದು ಕಡಲಂಚಿದೆ. ಅಲ್ಲಿ ಲೋಕೊ ಆಯಬೇಕಾದರೆ ಮೊದಲು ಎಷ್ಟಿವೆ ಎಂದು ಎಣಿಸಿ ಮೇಲಿನವರಿಗೆ ಬರೆದುಕೊಡಬೇಕು. ಲೋಕೊ ಅಂದರೆ ಬಂಡೆಗೆ ಕಚ್ಚಿ ಕೂರುವ ಅಂಗೈಯಗಲದ ಚಿಪ್ಪಿನ ಹುಳು. ಬೇಯಿಸುವ ಮುಂಚೆ ಚೀಲಕ್ಕೆ ಹಾಕಿ ಬಡಿಯದಿದ್ದರೆ ಚಪ್ಪಲಿ ಅಗಿದ ಹಾಗಿರುತ್ತದೆ, ಬಡಿದು ಬೇಯಿಸಿದರೆ ಅದರಂಥದ್ದು ಇನ್ನೊಂದಿಲ್ಲ. ಎಣಿಸುವವರಿಗೆ ಈ ತರಗತಿಯ ಪ್ರಮಾಣಪತ್ರ ಬೇಕು. ಇಷ್ಟು ದಿನ ದೂರದ ಪಟ್ಟಣದಿಂದ ಯಾರೋ ಬಂದು ಎಣಿಸಿ ಹೋಗುತ್ತಿದ್ದರು. ಹಿಂದಿನ ವರ್ಷ ಬಿರುಗಾಳಿ ಎಂದು ಅವರು ಬರಲೇ ಇಲ್ಲ. ಇಡೀ ವರ್ಷ ಕಡಲಂಚು ಮುಚ್ಚಿಯೇ ಇತ್ತು. ಈ ಸಲ ಜೂನ್ ಮುಗಿಯುವುದರೊಳಗೆ ಎಣಿಕೆ ಕೊಡದಿದ್ದರೆ ಆ ಕಡಲಂಚು ಸಂಘದ ಕೈ ತಪ್ಪುತ್ತದೆ. ಅದಕ್ಕೇ ಹೆಂಗಸರು ತಮ್ಮಲ್ಲೇ ಒಬ್ಬಳನ್ನು ಓದಿಸೋಣವೆಂದು ಒತಿಲಿಯಾಳನ್ನು ಆರಿಸಿದರು. ಓದು ಬರಹ ಚೆನ್ನಾಗಿದ್ದು ಮಂಡಿ ನೋವೂ ಇಲ್ಲದವಳು ಅವಳೊಬ್ಬಳೇ.

ಮೊದಲ ದಿನ ಕಲ್ಲು ಮೇಜಿನ ಮೇಲೆ ಬಂದದ್ದೇ ಒತಿಲಿಯಾ ಎದ್ದು ನಿಂತಳು.

"ಪ್ರೊಫೆ, ಈ ಕಲ್ಲು ತಂದೋರು ಯಾರು?"

"ನಾನೇ."

"ತಲೆಕೆಳಗೆ ಇಟ್ಟಿದ್ದೀರಲ್ಲ. ಕತ್ತಲೇಲಿ ಇರೋರನ್ನೆಲ್ಲ ಬೆಳಕಿಗೆ ಎಳ್ದು ಕೂರ್ಸಿದ್ದೀರಿ. ಪಾಪ, ಅವಕ್ಕೆ ನಾಚಿಕೆ ಆಗಲ್ವಾ?"

ತರಗತಿ ನಕ್ಕಿತು. ಎರ್ಮಿಂದಾಳೂ ನಕ್ಕು ಕಲ್ಲನ್ನು ತಿರುಗಿಸಿಟ್ಟಳು. ಪಕ್ಕದ ಬೆಂಚಿನಲ್ಲಿ ರಾಜಧಾನಿಯಿಂದ ಬಂದ ಕತಲಿನಾ ಎಂಬ ಹುಡುಗಿ ಬಿಳಿ ಬೂಟು ಹಾಕಿಕೊಂಡು ಕುಳಿತಿದ್ದಳು. ಒತಿಲಿಯಾ ಕುಳಿತುಕೊಳ್ಳುವಾಗ ಅದನ್ನು ನೋಡಿದಳು.

"ಮಗಳೇ, ಈ ಬೂಟು ಚರ್ಚಿಗೋ ಕಡಲಿಗೋ?"

"ಎರಡಕ್ಕೂ ಅಜ್ಜಿ. ನನ್ ಹತ್ರ ಇರೋದು ಇದೊಂದೇ ಜೊತೆ."

"ಹಂಗಾದ್ರೆ ನನ್ ಹತ್ರ ಹಳೇ ರಬ್ಬರ್ ಬೂಟು ಅವೆ, ತರ್ತೀನಿ. ಒಳಗೆ ಸ್ವಲ್ಪ ಮೀನಿನ ವಾಸನೆ. ಗಂಡು ಹುಡುಗ್ರು ಹತ್ರ ಬರಲ್ಲ, ಓದು ಚೆನ್ನಾಗಿ ಆಗುತ್ತೆ."

ಅಂದಿನಿಂದ ಅವರಿಬ್ಬರೂ ಒಂದೇ ಬೆಂಚು.

ಏಪ್ರಿಲ್ ಅಲ್ಲಿ ಶರತ್ಕಾಲ; ಅದರ ಕೊನೆಯ ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಪರೀಕ್ಷೆ. ಪೈಪಿನಿಂದ ಮಾಡಿದ ಅರ್ಧ ಮೀಟರಿನ ಚೌಕಗಳನ್ನು ಬಂಡೆಯ ಮೇಲೆ ಐದು ಕಡೆ ಕಟ್ಟಿರುತ್ತಾರೆ. ಪ್ರತಿ ಚೌಕದೊಳಗೆ ಎಷ್ಟು ಲೋಕೊಗಳಿವೆ ಎಂದು ಎಣಿಸಿ ಬರೆಯಬೇಕು, ಕೀಳಬಾರದು. ಎಲ್ಲರಿಗಿಂತ ಮುಂಚೆ ಪ್ರೊಫೆ ತಾನೇ ಎಣಿಸಿ, ಅಂಕಿಯನ್ನು ಲಕೋಟೆಯಲ್ಲಿ ಅಂಟಿಸಿಡುತ್ತಾಳೆ. ಪ್ರೊಫೆಯ ಎಣಿಕೆಗೂ ತಮ್ಮ ಎಣಿಕೆಗೂ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ನಪಾಸು.

ಮಧ್ಯಾಹ್ನ ಲಕೋಟೆ ಒಡೆದಾಗ ಎರ್ಮಿಂದಾಳ ಅಂಕಿ ಐವತ್ತನಾಲ್ಕು. ಒತಿಲಿಯಾಳದು ಐವತ್ತಮೂರು. ದ್ವೀಪದ ಉಳಿದ ಹತ್ತು ಜನರೂ ಅದರ ಆಸುಪಾಸಿನಲ್ಲೇ ಇದ್ದರು. ಕತಲಿನಾಳದು ಮಾತ್ರ ಎಪ್ಪತ್ತೊಂದು.

ಎರ್ಮಿಂದಾ ಹುಡುಗಿಯನ್ನು ಒಬ್ಬಳನ್ನೇ ಕರೆದಳು.

"ಒಂದನ್ನೇ ಎರಡೆರಡು ಸಲ ಎಣಿಸಿದ್ದೀಯ ಮಗಳೇ. ಹೊಸಬರಿಗೆ ಆಗುತ್ತೆ. ಮುಂದಿನ ವರ್ಷ ಇನ್ನೊಂದ್ಸಲ ಬರಿ."

"ಇಲ್ಲ ಪ್ರೊಫೆ. ನಾನು ಒಂದೊಂದನ್ನೂ ಮುಟ್ಟಿ ಎಣಿಸ್ದೆ. ಫೋಟೋನೂ ಇದೆ."

ಕತಲಿನಾ ಬಂಡೆಯ ಮೇಲೆ ಬೋರಲಾಗಿ ಮಲಗಿ, ಅಂಚಿನ ಕೆಳಗೆ ಫೋನು ತೂರಿಸಿ ತೆಗೆದಿದ್ದಳು. ಅವಳ ಸ್ವೆಟರಿನ ಮುಂಭಾಗ ಇನ್ನೂ ಒದ್ದೆಯಾಗಿತ್ತು. ಎರ್ಮಿಂದಾ ಕನ್ನಡಕ ಹಾಕಿಕೊಂಡು ಮೂರನೆಯ ಚೌಕದ ಚಿತ್ರ ಎಣಿಸಿದಳು. ಹನ್ನೊಂದು. ಲಕೋಟೆಯಲ್ಲೂ ಹನ್ನೊಂದೇ ಇತ್ತು.

"ನೋಡು, ಹನ್ನೊಂದು."

"ಹದಿನಾಲ್ಕು ಪ್ರೊಫೆ."

ಎರ್ಮಿಂದಾ ಇನ್ನೊಮ್ಮೆ ಎಣಿಸಿದಳು. ಹನ್ನೊಂದೇ. ಹುಡುಗಿ ಉಗುರು ಕಚ್ಚುತ್ತ ನಿಂತಿದ್ದಳು. ಆಮೇಲೆ ಬೆರಳು ಮುಂದೆ ಮಾಡಿ, ಬಂಡೆಯ ಮಡಿಕೆಯಲ್ಲಿದ್ದ ಒಂದರ ಮೇಲಿಟ್ಟಳು. ಇನ್ನೊಂದರ ಮೇಲೆ. ಮತ್ತೊಂದರ ಮೇಲೆ.

"ಇವು?"

ಆ ಮೂರೂ ಮೊಟ್ಟೆಗಳ ಮೇಲೆ ಕುಳಿತಿದ್ದವು. ಭತ್ತದ ಕಾಳುಗಳನ್ನು ಒತ್ತೊತ್ತಾಗಿ ನೆಟ್ಟಂತೆ ಹಳದಿ ಮೊಟ್ಟೆಚೀಲಗಳು, ಅವುಗಳ ನಡುವೆ ತಾಯಂದಿರು. ಎರ್ಮಿಂದಾಳಿಗೆ ಅವು ಕಾಣದೆ ಇರಲಿಲ್ಲ. ಚೆನ್ನಾಗಿಯೇ ಕಂಡಿದ್ದವು. ಹಿಂದಿನ ವಾರ ಇಂಥದ್ದೇ ಚಿತ್ರವನ್ನು ಕಪ್ಪುಹಲಗೆಯ ಮೇಲೆ ತಾನೇ ಬರೆದು, ಒಂದೊಂದು ಚೀಲದಲ್ಲಿ ಎಷ್ಟು ಸಾವಿರ ಮರಿ ಎಂದು ವಿವರಿಸಿದ್ದಳು.

"ಅವು ಮೊಟ್ಟೆ ಮೇಲೆ ಕೂತಿವೆಯಲ್ಲ," ಅಂದಳು.

"ಹೌದು. ಕೂತಿರೋವನ್ನ ಎಣಿಸ್ಬಾರ್ದಾ? ಪುಸ್ತಕದಲ್ಲಿ ಹಾಗೆ ಎಲ್ಲಿದೆ ಪ್ರೊಫೆ? ನಾನು ಓದ್ಲೇ ಇಲ್ವೇನೋ."

ಹುಡುಗಿ ಕುಹಕವಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಎರ್ಮಿಂದಾ ಉಳಿದ ನಾಲ್ಕು ಚಿತ್ರಗಳನ್ನೂ ನೋಡಿದಳು. ಎಲ್ಲ ಸೇರಿಸಿ ಅವಳು ಬಿಟ್ಟದ್ದು ಹದಿನೇಳು. ಹದಿನೇಳೂ ಕುಳಿತವೇ.

"ಗೊತ್ತಿಲ್ಲ," ಅಂದಳು. "ನೀನು ಹೋಗು. ನಾಳೆ ಹೇಳ್ತೀನಿ."

ಮರುದಿನ ತರಗತಿಯಲ್ಲಿ ಅದೇ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಎಷ್ಟಿವೆ ಎಂದು ಕೇಳಿದಳು. ಹನ್ನೊಂದು, ಹನ್ನೊಂದು, ಹನ್ನೊಂದು ಎಂದರು ದ್ವೀಪದವರು. ಎರ್ಮಿಂದಾ ಕೋಲಿನಿಂದ ಆ ಮೂರನ್ನು ಮುಟ್ಟಿದಳು.

ಒತಿಲಿಯಾ ಕೈ ಎತ್ತಿದಳು. "ಕೂತವರನ್ನ ಎಣಿಸ್ತಾರಾ ಪ್ರೊಫೆ? ಅವರು ಮನೆ ಒಳಗಿದ್ದ ಹಾಗೆ. ಒಳಗಿರೋ ಬಾಣಂತೀನ ಬೀದೀಲಿ ನಿಂತು ಎಣಿಸ್ತಾರಾ?"

"ಎಣಿಸಿದ್ರೆ?"

"ಎಣಿಸಿದ್ರೆ ಎಣಿಸಿದೋರ ಮನೇಲಿ ಬಸುರಿ ಇದ್ರೆ ನಿಲ್ಲಲ್ಲ ಅಂತಾರೆ. ನಂಗೇನು ಗೊತ್ತು? ನಮ್ಮಮ್ಮ ಎಣಿಸಿಲ್ಲ, ನಾನು ಎಣಿಸಿಲ್ಲ. ನೀವೂ ಎಣಿಸಿಲ್ವಲ್ಲ."

ಆಗ ಎರ್ಮಿಂದಾಳಿಗೆ ನೆನಪಾಯಿತು. ಏಳೋ ಎಂಟೋ ವರ್ಷ ಅವಳಿಗೆ. ತಾಯಿಯ ಹಿಂದೆ ಬುಟ್ಟಿ ಹಿಡಿದು ಹೋಗುವಾಗ ಹೊಸದಾಗಿ ಕಲಿತ ಎಣಿಕೆಯನ್ನು ಜೋರಾಗಿ ಹೇಳುತ್ತಿದ್ದಳು: ಒಂದು, ಎರಡು, ಮೂರು. ನಾಲ್ಕು ಎನ್ನುವಾಗ ತಾಯಿಯ ಒದ್ದೆ ಅಂಗೈ ಬಾಯಿ ಮುಚ್ಚಿತು. ಕೈಯಲ್ಲಿ ಕಡಲಪಾಚಿಯ ವಾಸನೆ. 'ಅದನ್ನ ಬಿಡು. ಅದು ಕೂತಿದೆ. ಮನೇಲಿ ಚಿಕ್ಕಮ್ಮ ಇದ್ದಾಳೆ.' ಅಷ್ಟೇ. ಚಿಕ್ಕಮ್ಮ ಬಸುರಿ ಎಂದು ಅವಳಿಗೆ ಆಮೇಲೆ ತಿಳಿದದ್ದು. ವಿಶ್ವವಿದ್ಯಾಲಯಕ್ಕೆ ಹೋಗುವಷ್ಟರಲ್ಲಿ ಮಾತು ಮರೆತೇ ಹೋಗಿತ್ತು. ಕಣ್ಣು ಮಾತ್ರ ಮರೆತಿರಲಿಲ್ಲ.

ಗೊಂದಲ ಶುರುವಾದದ್ದು ಅಲ್ಲಿಂದ. ಹತ್ತೊಂಬತ್ತು ಶರತ್ಕಾಲಗಳ ಎಣಿಕೆ ಅವಳ ನೋಟುಬುಕ್ಕುಗಳಲ್ಲಿತ್ತು. ಚೆಪುಲಿಯ ಲೋಕೊ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಯಾರಾದರೂ ಕೇಳಿದರೆ ಅವಳು ಆ ಪುಟಗಳನ್ನು ತೆರೆದು ಹೇಳುತ್ತಿದ್ದಳು. ಅದರಲ್ಲಿ ಒಂದೂ ಸುಳ್ಳು ಬರೆದಿರಲಿಲ್ಲ. ಈಗ ನೋಡಿದರೆ ಒಂದೂ ನಿಜವಿರಲಿಲ್ಲ. ಒಂದೊಂದು ವರ್ಷ ಎಷ್ಟು ತಾಯಂದಿರನ್ನು ಬಿಟ್ಟಿದ್ದಾಳೆ? ಮೂರೇ? ಮೂವತ್ತೇ? ಹೇಗೆ ತಿಳಿಯುವುದು?

ಇನ್ನೂ ಒಂದು ಯೋಚನೆ ಬಂತು. ಕುಳಿತವನ್ನು ಎಣಿಸದ ಕೈಗಳು ಅವನ್ನು ಕಿತ್ತದ್ದೂ ಇಲ್ಲ. ಬೇರೆ ಊರುಗಳಲ್ಲಿ ಖಾಲಿಯಾದ ಲೋಕೊ ಇಲ್ಲಿ ಉಳಿದಿರುವುದು ಅದಕ್ಕೇ ಇರಬಹುದು. ಹಾಗಾದರೆ ಎಣಿಸಲು ಕಲಿಸುವುದು ಒಳ್ಳೆಯದೋ ಕೆಟ್ಟದ್ದೋ? ಎಣಿಸಿದ್ದನ್ನು ನಾಳೆ ಯಾರಾದರೂ ಕೀಳದೆ ಬಿಡುತ್ತಾರೆಯೇ? ಹಾಗೆಂದು ಒತಿಲಿಯಾಳ ಹೆಸರಿನಲ್ಲಿ ತಪ್ಪು ಅಂಕಿ ಮೇಲಿನವರಿಗೆ ಹೋದರೆ, ಅವರು ಯಾರನ್ನಾದರೂ ಕಳಿಸಿ ಇನ್ನೊಮ್ಮೆ ಎಣಿಸಿದರೆ, ಸಂಘದ ಹೆಂಗಸರ ಗತಿ?

ಪ್ರಾಂಶುಪಾಲ ಎವಾರಿಸ್ತೊ, ಗೌರವಕ್ಕೆ ಎಲ್ಲರೂ ದೊನ್ ಎವಾರಿಸ್ತೊ ಎನ್ನುವವನು, ಒಳ್ಳೆಯ ಮನುಷ್ಯ. ಅವನ ಕೋಣೆಯ ಕಟ್ಟಿಗೆ ಒಲೆಯ ಮೇಲೆ ಸದಾ ಕಾಫಿ ಇರುತ್ತದೆ. ಎಲ್ಲ ಕೇಳಿಸಿಕೊಂಡು ಅವನು ಸುಲಭದ ದಾರಿ ಹೇಳಿದ.

"ಆ ಹುಡುಗೀನೂ ಪಾಸ್ ಮಾಡಿ, ಉಳಿದೋರೂ ಪಾಸು. ಹನ್ನೆರಡಕ್ಕೆ ಹನ್ನೆರಡು. ಮುಗೀತಲ್ಲ ಪ್ರೊಫೆ?"

"ಎಪ್ಪತ್ತೊಂದೂ ಸರಿ, ಐವತ್ಮೂರೂ ಸರಿ ಅಂತ ಹೇಗೆ ಬರೀಲಿ ದೊನ್ ಎವಾರಿಸ್ತೊ? ನಾಳೆ ಒತಿಲಿಯಾ ಇಂಥ ಎಣಿಕೆಗೇ ಸಹಿ ಹಾಕಿ ಮೇಲಿನೋರಿಗೆ ಕೊಡ್ತಾಳೆ."

"ಹಳೇ ನೋಟುಬುಕ್ಕಿನ ಸುದ್ದಿ ಎತ್ಬೇಡಿ ಮತ್ತೆ. ಹತ್ತೊಂಬತ್ತು ವರ್ಷ ಯಾರೂ ಕೇಳಿಲ್ಲ."

"ನನಗೇ ತಲೆ ಕೆಟ್ಟೋಗಿದೆ. ಏನು ಮಾಡ್ಬೇಕೋ ತೋಚ್ತಿಲ್ಲ."

ಅವನು ಕಾಫಿ ಬಗ್ಗಿಸುತ್ತ ನಕ್ಕ. "ಪ್ರಶ್ನೆ ಚಿಹ್ನೆ ಹಾಕಿ, ಅಳಿಸ್ಬೇಡಿ. ನೀವೇ ಅಲ್ವಾ ಊರಿಗೆಲ್ಲ ಹೇಳಿಕೊಟ್ಟಿರೋದು?"

ಅವನು ತಮಾಷೆಗೆ ಅಂದದ್ದು. ಎರ್ಮಿಂದಾ ಮನೆಗೆ ಹೋಗಿ ಹತ್ತೊಂಬತ್ತು ನೋಟುಬುಕ್ಕು ತೆಗೆದು, ಪ್ರತಿ ಶರತ್ಕಾಲದ ಎಣಿಕೆಯ ಪಕ್ಕ ಪೆನ್ಸಿಲಿನಿಂದ ಒಂದೊಂದು ಪ್ರಶ್ನೆ ಚಿಹ್ನೆ ಹಾಕಿದಳು. ನಂತರ ಅಮಾವಾಸ್ಯೆಯ ಇಳಿತಕ್ಕೆ ಮರುಪರೀಕ್ಷೆ ಎಂದು ಬರೆದು ಕಾಲೇಜಿನ ಫಲಕಕ್ಕೆ ಅಂಟಿಸಿದಳು. ಈ ಸಲ ಕುಳಿತವನ್ನೂ ಎಣಿಸಬೇಕು. ಮೊದಲು ಪ್ರೊಫೆ ಎಣಿಸುತ್ತಾಳೆ.

ಸಂಜೆಯೊಳಗೆ ಒತಿಲಿಯಾ ಅವಳ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಪಾಸಾದೋಳು ನಾನು. ಐವತ್ನಾಕಕ್ಕೆ ಐವತ್ಮೂರು. ಸಂಘದೋರು ಕೋಳಿ ಕೊಯ್ದು ಊಟ ಹಾಕಿದ್ರು ನಂಗೆ. ಈಗ ತಿಂದ ಕೋಳಿನ ವಾಪಸ್ ಕೊಡ್ಲಾ?"

"ಒತಿಲಿಯಾ, ತಪ್ಪು ನನ್ನದು. ನನ್ನ ಎಣಿಕೆಯೇ ತಪ್ಪಿತ್ತು."

"ಹಂಗಾದ್ರೆ ನೀವು ಫೇಲಾಗಿ. ನನ್ನನ್ಯಾಕೆ ಮತ್ತೆ ಕೂರಿಸ್ತೀರಾ?"

ಒತಿಲಿಯಾ ದನಿ ತಗ್ಗಿಸಿದಳು.

"ಕೂತವರನ್ನ ಎಣಿಸಿದ್ರೆ ಏನೂ ಆಗಲ್ಲ ಅಂತೀರಾ ನೀವು?"

"ಏನೂ ಆಗಲ್ಲ."

"ಅಷ್ಟು ಓದ್ಕೊಂಡಿದ್ದೀರಿ. ಏನೂ ಆಗಲ್ಲ ಅಂದ್ರೆ ಇಷ್ಟು ವರ್ಷ ನೀವ್ಯಾಕೆ ಎಣಿಸಿಲ್ಲ?"

ಒತಿಲಿಯಾ ಎರ್ಮಿಂದಾಳ ಭುಜದಾಚೆ ಒಳಗೆ ನೋಡಿದಳು. ಒಲೆಯ ಪಕ್ಕ ಎರ್ಮಿಂದಾಳ ಮಗಳು ಮಿರೆಯಾ ಆಲೂಗಡ್ಡೆ ತುರಿಯುತ್ತ ಕುಳಿತಿದ್ದಳು. ಏಳು ತಿಂಗಳು ತುಂಬಿತ್ತು. ಹಿಂದಿನ ಸಲ ಐದಕ್ಕೇ ಹೋಗಿತ್ತು, ಅದು ಊರಿಗೆಲ್ಲ ಗೊತ್ತು. ಒತಿಲಿಯಾ ಏನೋ ಹೇಳಲು ಹೊರಟವಳು ಹೇಳದೆ, "ಮಗೀಗೆ ಉಣ್ಣೆ ಟೋಪಿ ಹೆಣೀತಿದ್ದೀನಿ ಅಂತ ಹೇಳಿ," ಎಂದು ಮೆಟ್ಟಿಲಿಳಿದು ಹೋದಳು.

ಮಿರೆಯಾಳಿಗೆ ಹೇಳುವುದು ಬೇಡವೆಂದು ಎರ್ಮಿಂದಾ ಅಂದುಕೊಂಡಿದ್ದಳು. ಆದರೆ ಚೆಪುಲಿಯಲ್ಲಿ ಬ್ರೆಡ್ ಅಂಗಡಿ ಇದೆ, ಊರಿನ ಸುದ್ದಿಯೆಲ್ಲ ಅಲ್ಲಿ ಮೊದಲೇ ಸಿಗುತ್ತದೆ.

"ಅಮ್ಮ, ನೀನು ಕೂತವನ್ನ ಎಣಿಸ್ತೀಯಂತೆ?"

"ಪರೀಕ್ಷೆಗೆ."

"ಹೂಂ." ತುರಿದದ್ದನ್ನು ಬಟ್ಟೆಗೆ ಹಾಕಿ ಮಿರೆಯಾ ಹಿಂಡತೊಡಗಿದಳು. "ಕಳೆದ ಸಲ ಯಾರೂ ಏನೂ ಎಣಿಸಿರ್ಲಿಲ್ಲ. ಆದ್ರೂ ಹೋಯ್ತಲ್ಲ."

"ನಿನಗೆ ಭಯ ಇಲ್ವಾ?"

"ನಂಗೆ ದಿನಾ ಭಯ ಅಮ್ಮ. ಮೆಟ್ಟಿಲಿಗೆ ಭಯ, ಕೆಮ್ಮಿಗೆ ಭಯ. ಅದರ ಜೊತೆ ಇದೊಂದು. ನಿನಗೆ?"

"ನನಗೇನು ಭಯ," ಅಂದಳು ಎರ್ಮಿಂದಾ. ಮಿರೆಯಾ ತಲೆಯೆತ್ತಿ ನೋಡಲಿಲ್ಲ. ಅದೇ ದೊಡ್ಡ ಉಪಕಾರವಾಯಿತು.

ಶನಿವಾರ ಚರ್ಚಿಗೆ ಹೋಗಿ ಮೊಂಬತ್ತಿ ಹಚ್ಚಿ ಕುಳಿತಳು. ಪಾದ್ರಿ ತಿಂಗಳಿಗೊಮ್ಮೆ ಬರುವುದು, ಆ ದಿನ ಯಾರೂ ಇರಲಿಲ್ಲ. ಏನು ಕೇಳಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಏನೂ ಆಗದಿರಲಿ ಎಂದು ಬೇಡಿಕೊಂಡರೆ, ಏನೋ ಆಗಬಹುದು ಎಂದು ಒಪ್ಪಿಕೊಂಡ ಹಾಗೆ. ಬೇಡದೆ ಎದ್ದು ಹೋಗಲು ಧೈರ್ಯವಿಲ್ಲ. ಮಗುವನ್ನು ಕೊಡುವವನು ದೇವರು, ಹುಳುಗಳ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಅವಳ ನಂಬಿಕೆ ಹೇಳುತ್ತಿತ್ತು. ಅವಳ ಓದೂ ಅದನ್ನೇ ಹೇಳುತ್ತಿತ್ತು. ಎರಡೂ ಒಂದೇ ಕಡೆ ನಿಂತಿದ್ದರೂ ತಾಯಿಯ ಒದ್ದೆ ಕೈ ಮಾತ್ರ ಬಾಯಿಯ ಮೇಲಿಂದ ಸರಿಯುತ್ತಿರಲಿಲ್ಲ. ಹತ್ತು ಸಲ ಪ್ರಾರ್ಥನೆ ಹೇಳಿದಳು. ಇನ್ನೂ ಹತ್ತು ಹೇಳಿದಳು. ಒಳಗಿನ ಪಾದರಸ ನಿಲ್ಲಲಿಲ್ಲ.

ಸಂಘದ ಹೆಂಗಸರು ಭಾನುವಾರ ಸೇರಿ ಗಲಾಟೆ ಮಾಡಿಕೊಂಡು ಕೊನೆಗೊಂದು ತೀರ್ಮಾನಕ್ಕೆ ಬಂದರೆಂದು ಕತಲಿನಾ ಸುದ್ದಿ ತಂದಳು. ಮೀನಿನ ವಾಸನೆಯ ಬೂಟು ಹಾಕಿಕೊಂಡು ಅವಳೂ ಅಲ್ಲಿ ಕುಳಿತಿದ್ದಳಂತೆ. ಒತಿಲಿಯಾ ಎದ್ದು ನಿಂತು, "ನನ್ನ ಮನೇಲಿ ಹೆರೋರು ಅಂದ್ರೆ ಬೆಕ್ಕೊಂದೇ. ಅದು ಬೇಡ ಅಂದ್ರೂ ಹೆರುತ್ತೆ. ನಾನು ಎಣಿಸ್ತೀನಿ. ಆದ್ರೆ ಎಣಿಸಿದ್ದನ್ನ ಯಾರಾದ್ರೂ ಕಿತ್ತರೆ ಅವರ ಕೈ ಮುರೀತೀನಿ," ಎಂದಳಂತೆ. ಎಲ್ಲರೂ ಒಪ್ಪಿದರಂತೆ.

ಹೀಗೆ ಒತಿಲಿಯಾಳ ತೊಡಕು ಬಗೆಹರಿಯಿತು. ಎರ್ಮಿಂದಾಳದು ಹಾಗೇ ಉಳಿಯಿತು.

ಅಮಾವಾಸ್ಯೆಯ ದಿನ ಏಳಕ್ಕೆ ಕಟ್ಟೆಯ ತುದಿಯಲ್ಲಿ ನಿಂತಾಗ ಇನ್ನೂ ನಸುಗತ್ತಲೆ. ಹತ್ತೂವರೆ ಡಿಗ್ರಿ, ದಕ್ಷಿಣದ ಗಾಳಿ. ದೋಣಿಯವರು ಜ್ವರ ಎಷ್ಟೆಂದು ಕೇಳಲಿಲ್ಲ. ಇವತ್ತು ಅವಳು ಕುಳಿತವನ್ನು ಎಣಿಸುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು.

ಒಂಬತ್ತಕ್ಕೆ ನೀರು ಬಂಡೆಗಳನ್ನು ಬಿಟ್ಟು ಹಿಂದೆ ಸರಿದಿತ್ತು. ಎರ್ಮಿಂದಾ ಚೌಕಗಳನ್ನು ಹೊತ್ತು ಹೋದಾಗ ಅಲ್ಲಿ ಒಬ್ಬಳೇ ಒತಿಲಿಯಾ, ತುರಿದ ಆಲೂಗಡ್ಡೆಯ ಬಿಸಿ ಮಿಲ್ಕಾವೊ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಕಲ್ಲಿನ ಮೇಲೆ ಕುಳಿತಿದ್ದಳು. ಪರೀಕ್ಷೆಗೆ ಇನ್ನೂ ಒಂದು ಗಂಟೆಯಿತ್ತು.

"ಬೇಗ ಬಂದಿರಲ್ಲ," ಅಂದಳು ಎರ್ಮಿಂದಾ.

"ಒಂದು ಮಾತು ಹೇಳ್ಬೇಕಿತ್ತು. ಯಾರೂ ಇಲ್ಲದಾಗ."

ಇಬ್ಬರೂ ಸೇರಿ ಮೊದಲ ಚೌಕ ಕಟ್ಟಿದರು. ಅಂಚಿನ ಕೆಳಗೆ ಹಳದಿ ಕಾಳುಗಳು ಕಾಣುತ್ತಿದ್ದವು. ಒತಿಲಿಯಾ ಕೈ ಒರೆಸಿಕೊಂಡಳು.

"ನೀವು ಆ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಕೂತವರನ್ನ ನಾನು ಎಣಿಸಿ ಅಂಕಿ ಕೂಗ್ತೀನಿ. ನೀವು ಬರ್ಕೊಂಡ್ರೆ ಸಾಕು. ನಿಮ್ಮ ಕಣ್ಣೂ ತಾಗಲ್ಲ, ಬಾಯೂ ತಾಗಲ್ಲ."

"ಪರೀಕ್ಷೆ ನಿಮ್ದಲ್ವಾ. ನೀವೇ ಹೇಗೆ..."

"ನಾನು ಮೋಸ ಮಾಡ್ತೀನಾ ಪ್ರೊಫೆ? ಬೇಕಾದ್ರೆ ನನಗೆ ಬೇರೆ ಚೌಕ ಹಾಕಿ, ಅದನ್ನ ಮೊದ್ಲು ಆ ಹುಡುಗಿ ಎಣಿಸಿ ಇಡ್ಲಿ, ಅದರಲ್ಲಿ ನನ್ನ ಪರೀಕ್ಷೆ ಮಾಡಿ. ಇದು ಬೇರೆ." ಒತಿಲಿಯಾ ಮಂಡಿಯೂರಿ ಕುಳಿತೇಬಿಟ್ಟಳು. "ನಿಮ್ಮಮ್ಮ ನನ್ನ ಎತ್ತಿ ಆಡಿಸಿದೋಳು. ಅವಳಿದ್ದಿದ್ರೆ ಇದನ್ನ ಅವಳೇ ಮಾಡ್ತಿದ್ಳು. ಮಿರೆಯಾ ಮಗು ಹುಟ್ಟೋವರೆಗೆ ಸಾಕು. ಮುಂದಿನ ವರ್ಷದಿಂದ ನೀವೇ ಎಣಿಸ್ಕೊಳ್ಳಿ, ಯಾರು ಬೇಡ ಅಂತಾರೆ? ಕೊಡಿ ಇಲ್ಲಿ."

ಅವಳು ಕೈ ಚಾಚಿದ್ದು ಬರೆಯುವ ಹಲಗೆಗೆ. ಬೆರಳುಗಳ ಚರ್ಮ ಉಪ್ಪಿಗೆ ಸುಕ್ಕಾಗಿತ್ತು, ಎರ್ಮಿಂದಾಳ ತಾಯಿಯ ಕೈಯಂತೆಯೇ. ಹಲಗೆ ಹಿಡಿದ ಎರ್ಮಿಂದಾಳ ಕೈ ತಾನಾಗಿಯೇ ಅರ್ಧ ಮುಂದೆ ಹೋಯಿತು. ತಿರುಗಿ ನಿಂತರೆ ಎದುರಿಗೆ ಸಮುದ್ರ, ಹಿಂದಿನಿಂದ ಅಂಕಿ ಕೇಳಿಸುತ್ತದೆ. ಅಂಕಿ ಸರಿಯಾಗಿಯೇ ಇರುತ್ತದೆ. ಒತಿಲಿಯಾ ಸುಳ್ಳು ಹೇಳುವವಳಲ್ಲ. ಯಾರಿಗೂ ಏನೂ ನಷ್ಟವಿಲ್ಲ.

ಗುಡ್ಡದ ಮೇಲಿನಿಂದ ಹುಡುಗರ ಮಾತು ಕೇಳಿಸಲು ಶುರುವಾಯಿತು. ಕತಲಿನಾ ಯಾವುದಕ್ಕೋ ಜೋರಾಗಿ ನಗುತ್ತಿದ್ದಳು. ಕಾಳುಗಳ ನಡುವೆ ಕುಳಿತ ತಾಯಿ ನೀರಿಲ್ಲದ ಹೊತ್ತು ಕಳೆಯಲೆಂದು ಬಂಡೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

ಎರ್ಮಿಂದಾ ಹಲಗೆಯನ್ನು ಎದೆಗೆ ಒತ್ತಿಕೊಂಡಳು.

"ಬೇಡ ಒತಿಲಿಯಾ."

"ಯಾಕೆ?"

"ನನಗಿನ್ನೂ ಏನೂ ಗೊತ್ತಾಗ್ತಿಲ್ಲ. ಆದ್ರೂ ಬೇಡ. ನೀವು ಆ ಕಲ್ಲಿನ ಮೇಲೆ ಕೂತಿರಿ, ಬಟ್ಟೆ ನೆನೀತಿದೆ."

ಒತಿಲಿಯಾ ಅವಳ ಮುಖವನ್ನೇ ನೋಡಿದಳು, ಆಮೇಲೆ ಎದ್ದು ಜಾಗ ಬಿಟ್ಟಳು. ಎರ್ಮಿಂದಾ ಅದೇ ಜಾಗದಲ್ಲಿ ಮಂಡಿಯೂರಿ, ತಲೆ ಬಗ್ಗಿಸಿ, ಅಂಚಿನ ಕೆಳಗೆ ಬೆರಳು ಚಾಚಿ ಮೊದಲನೆಯದನ್ನು ಮುಟ್ಟಿದಳು.

"ಒಂದು," ಅಂದಳು.